ಊರಿಗೆ ಮರಳುವ ಮುನ್ನ ಕಲಿಯತಕ್ಕದ್ದು

ಇನ್ನು ನಾಲ್ಕು ವರ್ಷ ದುಡಿದು ಊರಿಗೆ ಹೋಗಿ ತೋಟ ಮಾಡಿಕೊಂಡಿರುತ್ತೇನೆ ಎಂಬ ಮಾತು ಮುಂಬಯಿಯ ಯಾವ ಹೋಟೆಲಿನ ಅಡಿಗೆಮನೆಯಲ್ಲಿಯೂ ಕೇಳಿಬರತಕ್ಕದ್ದೇ. ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರೂ ಇದನ್ನೇ ಹೇಳುತ್ತಿದ್ದರು. ಆಸೆಯೇನೋ ಒಳ್ಳೆಯದೇ. ಆದರೆ ತೋಟ ಮಾಡುವುದೂ ಒಂದು ಕಸಬು. ಲೋಟ ತೊಳೆಯುವ ಕೆಲಸಕ್ಕೆ ಸೇರಿ, ವರ್ಷಗಟ್ಟಲೆ ಕಾದು, ಕಡೆಗೆ ದೋಸೆಯ ಕಲ್ಲಿನ ಮುಂದೆ ನಿಂತವರು ನಾವು. ಮಣ್ಣಿನ ಕೆಲಸ ಮಾತ್ರ ತಾನಾಗಿಯೇ ಕೈಗೆ ಬಂದೀತೆಂದು ನಂಬಿಕೊಂಡಿರುವುದೇಕೆ?

ಹುಟ್ಟಿದ್ದು ಬೇಸಾಯಗಾರರ ಮನೆಯಲ್ಲೆಂಬುದು ನಿಜ. ಆದರೆ ಎಳೆಯ ಪ್ರಾಯದಲ್ಲಿ ಊರು ಬಿಟ್ಟವನಿಗೆ ನೆನಪಿರುವುದು ಗದ್ದೆಯ ಬದುವಿನ ಮೇಲೆ ಓಡಾಡಿದ್ದು ಮಾತ್ರ, ಬಿತ್ತನೆಯ ಹದವಲ್ಲ. ಇದರ ಬೆಲೆಯನ್ನು ತೆತ್ತವರು ನಮ್ಮ ಗಿರಣಿ ಬಂಧುಗಳು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ಬಹಳ ಮಂದಿಗೆ ಆ ಕೆಲಸ ಮರಳಿ ಸಿಗಲಿಲ್ಲ. ಮಗ್ಗವೊಂದನ್ನೇ ಬಲ್ಲ ಕೈಗಳನ್ನು ಹೊತ್ತು ಊರಿಗೆ ಹೋದವನಿಗೆ ಅಲ್ಲಿ ಹಿಡಿಯಲು ಏನಿತ್ತು?

ಅದೇ 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರದೊಂದಿಗೆ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಹುಟ್ಟಿಕೊಂಡಿತು. ಊಟ ವಸತಿಗಳೊಡನೆ ಉಚಿತವಾಗಿ ಕಸಬು ಕಲಿಸುವ ಈ ಪದ್ಧತಿಯನ್ನೇ ಮಾದರಿಯಾಗಿ ಹಿಡಿದು ಕೇಂದ್ರ ಸರಕಾರವು ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥವನ್ನು ಏರ್ಪಡಿಸಿತು. ಹೈನುಗಾರಿಕೆ, ಕೋಳಿ ಸಾಕಣೆ, ಪಂಪು ರಿಪೇರಿ ಮುಂತಾದವುಗಳನ್ನು ಕಲಿಸುತ್ತಾರೆ. ಆದರೆ ಸೇರುವವರಿಗೆ ವಯೋಮಿತಿ ಉಂಟು. ಅರುವತ್ತು ತುಂಬಿದ ಮೇಲೆ ಹೋಗಿ ಬಾಗಿಲು ತಟ್ಟಿದರೆ ಪ್ರಯೋಜನವಿಲ್ಲ. ರಜೆ ಸಿಕ್ಕಿದಾಗ, ಮೈಯಲ್ಲಿ ಕಸುವಿದ್ದಾಗಲೇ ಹೋಗತಕ್ಕದ್ದು.

ಬಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಡಿಕೆಯ ಕೊಳೆರೋಗವನ್ನೇ ನೋಡಿರಿ. ಇದಕ್ಕೆ ಬೋರ್ಡೋ ದ್ರಾವಣವೆಂಬ ಮದ್ದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೇ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಬೇರೊಂದು 50 ಲೀಟರ್ ನೀರಿನಲ್ಲಿ ಕದಡಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚೂರಿಯನ್ನು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಾಡಿದ ದಿನವೇ ಸಿಂಪಡಿಸಬೇಕು. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ. ಸಾಂಬಾರಿನ ಹದ ಬಲ್ಲವನಿಗೆ ಇದೇನು ಕಷ್ಟದ ವಿದ್ಯೆಯಲ್ಲ. ಆದರೂ ಹದ ತಪ್ಪಿದರೆ ಆಷಾಢದಲ್ಲಿ ಎಳೆಗಾಯಿ ಉದುರಿ, ವರ್ಷದ ಉತ್ಪತ್ತಿ ಮರದ ಬುಡದಲ್ಲಿ ಕೊಳೆಯುತ್ತದೆ.

ತೆಂಗಿನ ವಿಚಾರವೂ ಹಾಗೆಯೇ. ಒಂದೂವರೆ ಎರಡು ತಿಂಗಳಿಗೊಮ್ಮೆ ಕಾಯಿ ಕೀಳಬೇಕು, ಮರ ಹತ್ತುವವರು ಸಿಗುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಮರ ಹತ್ತುವ ಯಂತ್ರದ ಬಳಕೆಯನ್ನು ಆರು ದಿನಗಳ ಶಿಬಿರಗಳಲ್ಲಿ ಕಲಿಸತೊಡಗಿತು. ಹೆಂಗಸರೂ ಕಲಿತು ಹತ್ತಿದ್ದಾರೆ. ಮಗನನ್ನು ಕಳುಹಿಸುವಿರೋ ತಾವೇ ಹೋಗುವಿರೋ, ಮನೆಯಲ್ಲೊಬ್ಬರು ಬಲ್ಲವರಿರಲಿ.

ಇನ್ನೊಂದು ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಇಲ್ಲಿಂದ ಹೋಗುವ ಯಜಮಾನರು ಮೊದಲು ಮಾಡುವ ಕೆಲಸವೆಂದರೆ ಅಪ್ಪಣೆ ಕೊಡುವುದು. ಇಷ್ಟು ವರ್ಷ ಆ ಮನೆ ಹಟ್ಟಿಗಳನ್ನು ನೋಡಿಕೊಂಡವಳು ಯಾರು? ಯಾವ ಗುಂಡಿಗೆ ಮಾರ್ಚಿಯಲ್ಲಿ ನೀರು ಬತ್ತುತ್ತದೆ, ಯಾವ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡಬೇಕು, ಯಾವ ಹಸು ಯಾವಾಗ ಬೆದೆಗೆ ಬರುತ್ತದೆ ಎಂಬುದನ್ನು ಬಲ್ಲವಳು ಆಕೆ. ಒಂದೆರಡು ವರ್ಷ ಆಕೆಯ ಕೈಕೆಳಗೆ ದುಡಿಯುವುದರಿಂದ ಗೌರವಕ್ಕೆ ಕುಂದೇನೂ ಇಲ್ಲ.

ಊರಿಗೆ ಹೋದೊಡನೆ ಉಳಿತಾಯವನ್ನೆಲ್ಲ ಹೊಸ ತೋಟಕ್ಕೆ ಸುರಿಯಬಾರದೆಂದೂ ನಮ್ಮ ಅಭಿಪ್ರಾಯ. ಎತ್ತರ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಕಸಿ ಗೇರಿಗೆ ಮೂರು. ಆ ತನಕ ಹೊಟ್ಟೆಗೇನು? ಮಾರುವ ಬೆಳೆಗೆ ಮುಂಚೆ ಅಂಗಡಿಯಿಂದ ಕೊಳ್ಳುವುದನ್ನು ಕಡಿಮೆ ಮಾಡಬೇಕು: ಬಸಳೆಯ ಚಪ್ಪರ, ಬೆಂಡೆ, ಅಲಸಂಡೆ, ಸುವರ್ಣಗಡ್ಡೆ, ಒಂದು ಹಸು, ಮನೆಯ ಕಾಯಿಯ ಎಣ್ಣೆ. ಅಂಗಳದಲ್ಲಿ ಇಪ್ಪತ್ತು ಶಂಕರಪುರ ಮಲ್ಲಿಗೆಯ ಗಿಡಗಳಿದ್ದರೆ ಕೈಖರ್ಚಿಗೆ ಒಂದಿಷ್ಟು ಬಂದೀತು. ಆದರೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳಗಿನ ಜಾವಕ್ಕೆದ್ದು ಮೊಗ್ಗು ಕೊಯ್ಯತಕ್ಕವರಿಗೆ ಮಾತ್ರ ಆ ಹಣ. ಹೋಟೆಲಿನಲ್ಲಿ ನಾಲ್ಕು ಗಂಟೆಗೆ ಒಲೆ ಹೊತ್ತಿಸಿದವರಿಗೆ ಇದರ ಹೆದರಿಕೆ ಬೇಡ. ನಮ್ಮ ಕೈಯಲ್ಲಿರುವ ಇನ್ನೊಂದು ವಿದ್ಯೆಯನ್ನೂ ಮರೆಯಬಾರದು: ಉಪ್ಪಿನಕಾಯಿ, ಹಪ್ಪಳ, ಹಲಸಿನ ಚಿಪ್ಸುಗಳನ್ನು ಸೇರುಗಟ್ಟಲೆ ಮಾಡಿ ಕೆಡದಂತೆ ಇಡುವ ಕ್ರಮವನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಊರಿನಲ್ಲಿ ಹಲಸು ಪ್ರತಿ ವರ್ಷವೂ ಮರದಡಿಯಲ್ಲಿ ಕೊಳೆಯುತ್ತಿದೆ.

ಈ ಮೇ ತಿಂಗಳಲ್ಲಿ ರಜೆಗೆ ಹೋಗುವ ಸದಸ್ಯರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತಮ್ಮ ಜಿಲ್ಲೆಯ ಕೇಂದ್ರಕ್ಕೋ ಒಂದು ದಿನ ಹೋಗಿ, ಮಳೆಗಾಲಕ್ಕೆ ಯಾವ ಸಸಿ ಸಿಗುತ್ತದೆ, ಯಾವ ಶಿಬಿರ ಎಂದು ನಡೆಯುತ್ತದೆ ಎಂದು ವಿಚಾರಿಸಿ ಬರಲಿ. ತಂದ ವರ್ತಮಾನವನ್ನು ಸಂಘದ ಕಾರ್ಯಾಲಯಕ್ಕೆ ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕಿಸುತ್ತೇವೆ.