ಹಸಿವಿನ ಮಾತು ಕೇಳಿ ಉಂಡರೆ ಮೈ ಬಂದೀತೇ?

ರಾಯಬಾಗದ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಬೆಳಗಾವಿಯಷ್ಟೇ ಮಿರಜವೂ ಹತ್ತಿರ. ರೈಲು ಹತ್ತಿದರೆ ಆಯಿತು. ಔಷಧದ ಚೀಟಿ ಬರುವ ಆ ಹಾದಿಯಲ್ಲೇ ಡಯಟ್‌ನ ಮಾತೂ ಬರುತ್ತದೆ. ಮಹಾರಾಷ್ಟ್ರದ ಡಾ. ಜಗನ್ನಾಥ ದೀಕ್ಷಿತರ ಪದ್ಧತಿ ಬಂದದ್ದೂ ಹಾಗೆಯೇ: ದಿನಕ್ಕೆ ಎರಡೇ ಊಟ, ಒಂದೊಂದೂ 55 ನಿಮಿಷದೊಳಗೆ ಮುಗಿಯಬೇಕು, ನಡುವೆ ಬಾಯಾಡಿಸುವಂತಿಲ್ಲ. ಅವರ ಮರಾಠಿ ಭಾಷಣಗಳನ್ನು ಮೊಬೈಲಿನಲ್ಲಿ ಕೇಳಿದವರು ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆ ಬೇಕಾದಷ್ಟು ಮಂದಿ. ಅದರ ಬೆನ್ನಿಗೇ ಬೆಳಗ್ಗೆ ಪುಡಿ ಕಲಸಿದ ಶೇಕ್ ಕುಡಿಸಿ ತೂಕದ ಮಷೀನಿನ ಮೇಲೆ ನಿಲ್ಲಿಸುವ ‘ನ್ಯೂಟ್ರಿಷನ್ ಕ್ಲಬ್’ಗಳು. ಅನ್ನ ಬಿಡಿಸುವವರು ಬೇರೆ, ರೊಟ್ಟಿ ಬಿಡಿಸುವವರು ಬೇರೆ. ಕಾರ್ಖಾನೆಯ ಚಿಮಣಿ ಕಾಣುವ ಊರುಗಳಲ್ಲಿ ಸಕ್ಕರೆ ಬಿಡಿಸುವವರಂತೂ ಗಲ್ಲಿಗೊಬ್ಬರು.

ಇದಕ್ಕೆಲ್ಲ ತದ್ವಿರುದ್ಧವಾದ ಇನ್ನೊಂದು ಮಾತೂ ಈಚೆಗೆ ಕಿವಿಗೆ ಬೀಳುತ್ತಿದೆ. ಡಯಟ್ ಬಿಡಿ, ಹಸಿವಾದಾಗ ಉಣ್ಣಿ, ಸಾಕೆನಿಸಿದಾಗ ಕೈ ತೊಳೆಯಿರಿ, ಯಾವ ತಿನಿಸಿಗೂ ಪಾಪಪುಣ್ಯ ಅಂಟಿಸಬೇಡಿ ಎಂಬುದು ಅದರ ಸಾರ. 1995ರಲ್ಲಿ ಅಮೆರಿಕದ ಇಬ್ಬರು ಆಹಾರತಜ್ಞೆಯರು, ಎವೆಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್, ಇದನ್ನು ಪುಸ್ತಕವಾಗಿ ಬರೆದರು. ತಮ್ಮ ಹತ್ತಿರ ಬಂದವರು ತೂಕ ಇಳಿಸಿಕೊಂಡು ಹೋಗಿ, ಮತ್ತೆ ಏರಿಸಿಕೊಂಡು ತಲೆತಗ್ಗಿಸಿ ಬರುವುದನ್ನು ಕಂಡು ಕಂಡು ಸಾಕಾಗಿ ಬರೆದ ಪುಸ್ತಕ ಅದು. ನಮ್ಮ ಕಡೆ ಈ ಮಾತು ಎತ್ತಿದರೆ ಮೊದಲು ಬರುವ ಪ್ರಶ್ನೆ ಒಂದೇ: “ಹಂಗಾದ್ರ ದಿನಾ ಮಿರ್ಚಿಭಜಿ ತಿಂದ್ರ ನಡೀತೈತೇನ್ರೀ?”

ಕೇಳುವವರು ನಗುತ್ತಲೇ ಕೇಳುತ್ತಾರೆ, ಒಳಗೆ ಅಂಜಿಕೆ ನಿಜವಾಗಿಯೇ ಇರುತ್ತದೆ. ಬಾಯಿ ಕಟ್ಟಿ ಇಟ್ಟಾಗಲೇ ಇಷ್ಟು ಮೈ, ಬಿಟ್ಟರೆ ಗತಿ ಏನು? ಈ ಅಂಜಿಕೆಯ ಬಹುಪಾಲು ಬಾಯಿ ಕಟ್ಟಿದ್ದರಿಂದಲೇ ಹುಟ್ಟಿದ್ದು ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ನಡೆದ ಪ್ರಯೋಗವೊಂದು ಹಾಗೆಯೇ ಹೇಳುತ್ತದೆ. 1944–45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಬಂದೂಕು ಹಿಡಿಯಲು ಒಪ್ಪದೆ, ಅದರ ಬದಲಿಗೆ ಈ ಪ್ರಯೋಗಕ್ಕೆ ತಾವಾಗಿ ಬಂದವರು ಅವರು. ಯುದ್ಧದಲ್ಲಿ ಹಸಿದು ಬಳಲಿದವರಿಗೆ ಮುಂದೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಉದ್ದೇಶ. ದಿನಕ್ಕೆ ಸುಮಾರು 1,570 ಕ್ಯಾಲೊರಿ, ವಾರಕ್ಕೆ 35 ಕಿಲೋಮೀಟರ್ ನಡಿಗೆ. ತೂಕ ಕಾಲುಭಾಗದಷ್ಟು ಇಳಿಯಿತು. ಅದರ ಜೊತೆಗೆ ಮನಸ್ಸೂ ಬದಲಾಯಿತು. ಅಡುಗೆಯ ಗೊಡವೆಯೇ ಇಲ್ಲದಿದ್ದ ಹುಡುಗರು ಅಡುಗೆ ಪುಸ್ತಕ ಕೂಡಿಹಾಕತೊಡಗಿದರು, ತಟ್ಟೆ ನೆಕ್ಕಿದರು, ದಿನವೆಲ್ಲ ಊಟದ್ದೇ ಧ್ಯಾನ. ಪ್ರಯೋಗ ಮುಗಿದು ಬೇಕಾದಷ್ಟು ಉಣ್ಣಲು ಬಿಟ್ಟ ಮೇಲೂ ಕೆಲವರು ಹೊಟ್ಟೆ ಬಿರಿಯೆ ಉಂಡು, ಇನ್ನೂ ಹಸಿವು ಎಂದರು. ಇಂದು ನಮ್ಮ ಹೆಣ್ಣುಮಕ್ಕಳ ಕೈಗೆ ಬರುವ ಎಷ್ಟೋ ಚಾರ್ಟ್‌ಗಳಲ್ಲಿ ಬರೆದಿರುವುದು 1,200 ಕ್ಯಾಲೊರಿ! ಒಂದು ವಾರ ಅದನ್ನು ಪಾಲಿಸಿ ಎಂಟನೆಯ ದಿನ ಭಜಿ ಬಂಡಿಯ ಮುಂದೆ ನಿಂತವಳನ್ನು ‘ನಾಲಿಗೆ ಚಪಲ’ ಎಂದು ಬೈದು ಏನು ಉಪಯೋಗ? ಕಟ್ಟಿ ಹಾಕಿದ ಎತ್ತು ಕಣ್ಣಿ ಹರಿದುಕೊಂಡರೆ ನೆಟ್ಟಗೆ ಹೋಗುವುದು ಹಸಿರು ಕಂಡ ಹೊಲಕ್ಕೇ.

ಇದಕ್ಕೆ ಮೈಯೊಳಗಿನ ಕಾರಣವೂ ಇದೆ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಗುರುತಿಸಿದರು. ಕೊಬ್ಬು ಕರಗಿದಂತೆ ಅದು ಇಳಿಯುತ್ತದೆ. ಮಿದುಳು ಅದನ್ನು ಬರಗಾಲದ ಸುದ್ದಿ ಎಂದು ತಿಳಿದು ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ಜಠರದಿಂದ ಬರುವ ಗ್ರೆಲಿನ್ ಹಸಿವನ್ನು ಎಬ್ಬಿಸುವ ಹಾರ್ಮೋನು. ಅದು ಗೊತ್ತಾದದ್ದು 1999ರಲ್ಲಿ. ಡಯಟ್‌ನಲ್ಲಿದ್ದವನ ಜಗಳ ಮಿರ್ಚಿಯ ಜೊತೆಗೆ ಎಂದು ಕಾಣುತ್ತದೆ, ನಡೆದಿರುವುದು ಇವುಗಳ ಜೊತೆಗೆ. 2007ರಲ್ಲಿ ಟ್ರೇಸಿ ಮಾನ್ ಮತ್ತು ಜೊತೆಗಾರರು ಅದುವರೆಗಿನ ದೀರ್ಘಾವಧಿ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಡಯಟ್ ಮಾಡಿದವರಲ್ಲಿ ಮೂರರಲ್ಲೊಂದು ಪಾಲಿನಿಂದ ಮೂರರಲ್ಲೆರಡು ಪಾಲು ಜನ ಇಳಿಸಿದ್ದಕ್ಕಿಂತ ಹೆಚ್ಚು ತೂಕವನ್ನು ಮರಳಿ ಗಳಿಸಿದ್ದರು.

ಹಾಗಾದರೆ ನಮ್ಮ ಒಪ್ಪತ್ತು, ಶ್ರಾವಣ ಸೋಮವಾರಗಳ ಕಥೆ ಏನು ಎಂದು ಕೇಳಬಹುದು. ಅವು ತೂಕಕ್ಕಾಗಿ ಹಿಡಿದವಲ್ಲ. ಸಂಜೆಗೆ ಬಿಡುತ್ತೇವೆ ಎಂಬುದು ಮೊದಲೇ ಗೊತ್ತು, ಮನೆಮಂದಿಯೆಲ್ಲ ಜೊತೆಗಿರುತ್ತಾರೆ, ಉಂಡ ಮೇಲೆ ಯಾರಿಗೂ ತಪ್ಪಿತಸ್ಥ ಭಾವ ಇರುವುದಿಲ್ಲ. ಇನ್ನು ಫರಾಳದ ಉಪವಾಸ! ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಟಾಟಿ, ಬಾಳೆಹಣ್ಣು. ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಗಡಿಯಾಚೆಯವರೇ ನಗೆಯಾಡಿಕೊಂಡಿದ್ದಾರೆ. ಗಡಿಯೀಚೆಯವರೂ ಆ ನಗೆಯಲ್ಲಿ ಪಾಲುದಾರರು.

ಡಯಟ್‌ನ ಕಟ್ಟು ಬಿಚ್ಚಿದ ಮೊದಲ ದಿನಗಳಲ್ಲಿ ಕೆಲವರು ಹೆಚ್ಚು ತಿನ್ನುವುದುಂಟು. ‘ನಾಳೆಯಿಂದ ಇದು ಸಿಗುವುದಿಲ್ಲ’ ಎಂಬ ಗಾಬರಿ ಹೋದ ಮೇಲೆ ಆಸೆ ತಾನಾಗಿ ಇಳಿಯುತ್ತದೆ. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಎನ್ನುತ್ತಾರಲ್ಲ, ಹಾಗೆ. ಇನ್ನು, ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡಬೇಕು: ಇಳಿಯುತ್ತದೆ ಎಂಬ ಭರವಸೆ ಇಲ್ಲ. ಹೀಗೆ ಉಣ್ಣುವವರಲ್ಲಿ ಊಟದ ಚಿಂತೆ ಕಡಿಮೆ, ಗಬಗಬ ತಿಂದು ಕೊರಗುವುದು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ತೂಕ ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ. ತಿಂಗಳಿಗೆ ಐದು ಕಿಲೋ ಬೇಕೆನ್ನುವವರಿಗೆ ಇದು ಹೇಳಿಸಿದ್ದಲ್ಲ. ಅಷ್ಟು ಕೊಡುತ್ತೇನೆಂದು ಬೋರ್ಡು ಹಾಕಿದವರನ್ನು ಎರಡು ವರ್ಷದ ಹಿಂದಿನ ಗಿರಾಕಿಗಳ ತೂಕ ಈಗ ಎಷ್ಟೆಂದು ಕೇಳಿ ನೋಡಬೇಕು.

ನನಗೆ ನಿಜವಾಗಿ ಅಂಜಿಕೆಯಾಗುವುದು ಬೇರೆ ಕಡೆ. ಹಸಿವಿನ ಮಾತು ನಂಬಬಹುದು, ಆದರೆ ಎದುರಿಗೆ ಏನಿದೆ ಎಂಬುದರ ಮೇಲೆ ಆ ನಂಬಿಕೆ ನಿಂತಿದೆ. 1920ರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ ಆಗಷ್ಟೇ ಮೊಲೆ ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ಆಹಾರ ಇಟ್ಟು, ಬೇಕಾದ್ದನ್ನು ಆರಿಸಿಕೊಳ್ಳಲು ಬಿಟ್ಟರು. ಒಂದು ಹೊತ್ತು ಬರೀ ಒಂದೇ ಪದಾರ್ಥ ತಿಂದ ಕೂಸುಗಳೂ ಒಟ್ಟಿನಲ್ಲಿ ಚೆನ್ನಾಗಿ ಬೆಳೆದವು. ಮಕ್ಕಳ ಜಾಣತನ ಎಂದು ಜನ ಕೊಂಡಾಡಿದರು. ಆದರೆ ಗುಟ್ಟು ಆಹಾರದ ಪಟ್ಟಿಯಲ್ಲಿದೆ ಎಂದು ಡೇವಿಸ್ ಅವರೇ ಹೇಳಿದರು. ಅದರಲ್ಲಿ ಸಕ್ಕರೆ ಇರಲಿಲ್ಲ, ಡಬ್ಬಿಯ ಆಹಾರ ಇರಲಿಲ್ಲ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 20 ಮಂದಿಯನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಿ ಎಂದೇ ಇಬ್ಬಗೆಯನ್ನೂ ಬಡಿಸಿದ್ದು. ಕಾರ್ಖಾನೆಯ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತಿನ್ನುವ ವೇಗವೂ ಹೆಚ್ಚಿತ್ತು.

ಆ ವೇಗದ ವಿಷಯ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಖಡಕ್ ಜೋಳದ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿಯ ಮೇಲೆ ಮೊಸರು ಹಾಕಿಕೊಂಡು, ಹಸಿ ಮೆಂತ್ಯೆಯ ಎಸಳು, ಬುಕ್ಕಿಯಿಂದ ಗುದ್ದಿದ ಉಳ್ಳಾಗಡ್ಡಿ ಕಡಿಯುತ್ತ ಉಣ್ಣುವವನು ಅವಸರ ಮಾಡುವಂತಿಲ್ಲ, ದವಡೆ ಬಿಡುವುದಿಲ್ಲ. ಸಾಕೆಂಬ ಸುದ್ದಿ ಮಿದುಳಿಗೆ ಮುಟ್ಟಲು ಬೇಕಾದ ಹದಿನೈದಿಪ್ಪತ್ತು ನಿಮಿಷ ಅಷ್ಟರಲ್ಲಿ ಕಳೆದಿರುತ್ತದೆ. ಖಾರಿ, ಟೋಸ್ಟ್ ಚಾದಲ್ಲಿ ಅದ್ದಿದರೆ ನಾಲ್ಕು ನಿಮಿಷದಲ್ಲಿ ತಟ್ಟೆ ಖಾಲಿ. ಚಾದ ಮಾತು ಬಂದಿದ್ದರಿಂದ ಹೇಳುತ್ತೇನೆ: ಕಪ್ಪಿಗೆ ಎರಡು ಚಮಚೆಯಂತೆ ಐದು ಕಪ್ಪು ಎಂದರೆ ಸುಮಾರು 50 ಗ್ರಾಂ ಸಕ್ಕರೆ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗರಿಷ್ಠ ಮಿತಿ ಅಷ್ಟೇ. ಅದರ ಅರ್ಧವಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಕುಡಿದ ಸಕ್ಕರೆಯನ್ನು ಹೊಟ್ಟೆ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನ ಊಟ ಕಡಿಮೆಯಾಗುವುದಿಲ್ಲ. ಗಾಣದ ಬೆಲ್ಲ ಹಾಕಿದ್ದೇವೆ ಎಂದು ಸಮಾಧಾನ ಪಡುವಂತೆಯೂ ಇಲ್ಲ. ಬೆಲ್ಲವೂ ಬಹುತೇಕ ಸಕ್ಕರೆಯೇ.

ಸಕ್ಕರೆ ಕಾಯಿಲೆ ಇದ್ದವರಿಗೆ ಮಾತು ಬದಲಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆ, ಅದರ ಹೊಸ್ತಿಲಲ್ಲಿರುವವರು 13 ಕೋಟಿಗೂ ಹೆಚ್ಚು. ಇವರಲ್ಲಿ ಹಸಿವೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದರೂ ಅದು ಜೀವಕೋಶಕ್ಕೆ ಸೇರದೆ ಮೇಲಿಂದ ಮೇಲೆ ಹಸಿವಾಗಬಹುದು. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಹಸಿವಿಲ್ಲ ಎಂದು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿದು ಕೈ ನಡುಗಿ, ಬೆವರು ಕಿತ್ತು, ಕಣ್ಣು ಕತ್ತಲೆ ಬರುತ್ತದೆ. ಆಗ ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕದೆ ದವಾಖಾನೆಗೆ ಒಯ್ಯಬೇಕು. ಹೀಗಾಗಿ ಇವರು ಗಡಿಯಾರ ನೋಡಿಯೇ ಉಣ್ಣಬೇಕು. ಒಪ್ಪತ್ತು ಹಿಡಿಯುವುದಿದ್ದರೂ ದಿನಕ್ಕೆರಡೇ ಊಟಕ್ಕೆ ಇಳಿಯುವುದಿದ್ದರೂ ಗುಳಿಗೆ ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಮಾಡಬಾರದು. ಎಷ್ಟು ಉಣ್ಣಬೇಕು, ಎಷ್ಟಕ್ಕೆ ಸಾಕು ಎನ್ನುವಲ್ಲಿ ಹೊಟ್ಟೆಯ ಮಾತಿಗೆ ಅವರಲ್ಲೂ ಜಾಗವಿದೆ.

ದೀಕ್ಷಿತರ ಪದ್ಧತಿಯಲ್ಲೂ ಮೊದಲ ಹೆಜ್ಜೆ ನಿಮಗೆ ಕಡುಹಸಿವೆ ಆಗುವ ಎರಡು ಹೊತ್ತು ಯಾವುವು ಎಂದು ಗುರುತಿಸಿಕೊಳ್ಳುವುದು. ಕೇಳಲು ಸುಲಭ. ನಮ್ಮ ಮನೆಗಳಲ್ಲಿ ಎಷ್ಟು ಜನರಿಗೆ ಅದು ಗೊತ್ತಿದೆ? ಬೀಗರ ಮನೆಗೆ ಹೋದರೆ ಹೊಟ್ಟೆಗೆ ಮಾತಾಡಲು ಅವಕಾಶವೇ ಇಲ್ಲ. “ಸಾಕ್ರೀ ಅಕ್ಕಾರ” ಎಂದು ತಾಟಿಗೆ ಕೈ ಅಡ್ಡ ಹಿಡಿದರೆ, “ಯಾಕ್ರೀ, ನಮ್ಮ ಕೈ ಅಡಗಿ ಸೇರಲಿಲ್ಲೇನ್ರೀ?” ಎಂದು ಬೆರಳಸಂದಿಯಿಂದಲೇ ಇನ್ನೊಂದು ಹೋಳಿಗಿ ಜಾರಿಸುತ್ತಾರೆ, ಮೇಲೆ ತುಪ್ಪ. ಅದು ಪ್ರೀತಿಯೇ, ಸಂಶಯವಿಲ್ಲ. ಆದರೂ ಮಕ್ಕಳ ತಾಟಿಗೆ ಹಾಗೆ ಬಡಿಸಿ ‘ತಾಟು ಖಾಲಿ ಮಾಡು’ ಎಂದು ಕಣ್ಣು ಬಿಡುವುದನ್ನಾದರೂ ನಿಲ್ಲಿಸಬಹುದು. ಸಾಕು ಎನ್ನುವ ಮಗುವಿಗೆ ಸಾಕಾಗಿರುತ್ತದೆ.

ಇನ್ನೊಬ್ಬಳಿದ್ದಾಳೆ, ಎಲ್ಲರಿಗೂ ಬಡಿಸಿ ಕೊನೆಗೆ ಕೂಡುವವಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 30 ಮಂದಿ ಅತಿತೂಕದವರು, 17 ಮಂದಿ ತೂಕ ಸಾಲದವರು, ರಕ್ತಹೀನತೆ ಇರುವವರು 48ರ ಹತ್ತಿರ. ಅಂದರೆ ಮೈ ಬಂದವರಲ್ಲೂ ರಕ್ತ ಸಾಲದವರಿದ್ದಾರೆ. ನಸುಕಿಗೆ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟಿ, ಮಕ್ಕಳನ್ನು ಸಾಲಿಗೆ ಕಳಿಸಿ, ಎರಡು ಕಪ್ಪು ಚಾದ ಮೇಲೆ ಮಧ್ಯಾಹ್ನ ಮೂರರವರೆಗೆ ತಳ್ಳುವವಳು ಸಂಜೆ ಚುರುಮುರಿಗೋ ಖಾರಿಗೋ ಕೈ ಹಾಕುತ್ತಾಳೆ. ಡಯಟ್ ಹೇಳುವವರು ಆ ಸಂಜೆಯ ಕೈಯನ್ನು ಹಿಡಿಯಲು ನೋಡುತ್ತಾರೆ. ಹಸಿವು ಶುರುವಾದದ್ದು ಬೆಳಗಿನ ಒಂಬತ್ತಕ್ಕೆ. ಆ ಹೊತ್ತಿಗೆ ಹಂಚಿನಿಂದ ಇಳಿದ ಬಿಸಿರೊಟ್ಟಿಗಳಲ್ಲಿ ಎರಡನ್ನು ಮುದ್ದಿಪಲ್ಲೆಯ ಜೊತೆ ತನಗೆಂದು ತೆಗೆದಿಟ್ಟು, ಕೂತು ಉಂಡು, ಆಮೇಲೆ ಉಳಿದ ಕೆಲಸಕ್ಕೆ ಏಳಬಹುದು. ಗಂಡನ ಬುತ್ತಿ ಹತ್ತು ನಿಮಿಷ ತಡವಾಗುತ್ತದೆ, ಅತ್ತೆಯವರು ಒಂದೆರಡು ದಿನ ಮುಖ ತಿರುವಬಹುದು.