ಬ್ಲೇರ್ ಹೌಸಿನ ಮಾದರಿ

ಅಮೆರಿಕ ಸಂಯುಕ್ತ ಸಂಸ್ಥಾನದ ಮಾನ್ಯ ಅಧ್ಯಕ್ಷರಿಗೆ,

2025ರ ಮೇ 10ರಂದು ಭಾರತ ಮತ್ತು ಪಾಕಿಸ್ತಾನಗಳ ನಡುವೆ ಕದನ ನಿಂತಾಗ, ಅದು ಅಮೆರಿಕದ ಮಧ್ಯಸ್ಥಿಕೆಯ ಫಲವೆಂದು ಅಧ್ಯಕ್ಷರು ಸಾರಿದರು; ಪಾಕಿಸ್ತಾನ ಆ ಮಾತನ್ನು ಕೃತಜ್ಞತೆಯಿಂದ ಸ್ವಾಗತಿಸಿದರೆ, ಎರಡೂ ಸೇನೆಗಳ ಕಾರ್ಯಾಚರಣೆಗಳ ಮಹಾನಿರ್ದೇಶಕರು ನೇರವಾಗಿ ಮಾತಾಡಿಕೊಂಡು ಕೈಗೊಂಡ ತೀರ್ಮಾನವದು ಎಂದು ಭಾರತ ಸ್ಪಷ್ಟಪಡಿಸಿತು. ಗುಂಡಿನ ಸದ್ದು ಅಡಗಿದ್ದು ಗಡಿಯ ಹಳ್ಳಿಗಳಿಗೆ ನಿಜವಾದ ನೆಮ್ಮದಿ, ಆದರೆ ಅದರ ಕೀರ್ತಿ ಯಾರದೆಂಬ ವಾದ ಮುಂದಿನ ಮಾತುಕತೆಯ ದಾರಿಯನ್ನೇ ಕಿರಿದಾಗಿಸಿತು.

ಪ್ರಬಲ ರಾಷ್ಟ್ರವೊಂದು ಈ ನೆರೆಹೊರೆಯವರ ನಡುವೆ ಏನು ಮಾಡಬಲ್ಲದು ಎಂಬುದಕ್ಕೆ ವಾಷಿಂಗ್ಟನ್ನಿನ ಇತಿಹಾಸದಲ್ಲೇ ಉತ್ತಮ ನಿದರ್ಶನವಿದೆ. 1999ರ ಬೇಸಿಗೆಯಲ್ಲಿ ಪಾಕಿಸ್ತಾನದ ಪಡೆಗಳು ಕಾರ್ಗಿಲ್ ಎತ್ತರಗಳಲ್ಲಿ ನಿಯಂತ್ರಣ ರೇಖೆಯನ್ನು, ಎಂದರೆ 1971ರ ಡಿಸೆಂಬರ್ 17ರ ಕದನವಿರಾಮದಿಂದ ರೂಪುಗೊಂಡು ಮರುವರ್ಷದ ಶಿಮ್ಲಾ ಒಪ್ಪಂದದಲ್ಲಿ ಎರಡೂ ದೇಶಗಳು ಗೌರವಿಸಲು ಒಪ್ಪಿದ ಸೇನಾರೇಖೆಯನ್ನು, ದಾಟಿ ಬಂದಿದ್ದವು. ಸೇನೆ ಹಿಂತೆಗೆಯಲು ಸಿದ್ಧರಿಲ್ಲದಿದ್ದರೆ ಬರುವುದು ಬೇಡವೆಂದು ಮೊದಲೇ ತಿಳಿಸಿದ್ದ ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್, ಜುಲೈ 4ರಂದು ಅಧ್ಯಕ್ಷರ ಅತಿಥಿಗೃಹವಾದ ಬ್ಲೇರ್ ಹೌಸಿನಲ್ಲಿ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫರನ್ನು ಕಂಡಾಗಲೂ ಆ ನಿಲುವನ್ನು ಸಡಿಲಿಸಲಿಲ್ಲ. ವಾಷಿಂಗ್ಟನ್ನಿಗೆ ಬರುವ ಆಹ್ವಾನವನ್ನು ನಿರಾಕರಿಸಿದ್ದ ಭಾರತದ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರಿಗೆ ದೂರವಾಣಿಯಲ್ಲಿ ಬೆಳವಣಿಗೆಗಳನ್ನು ತಿಳಿಸುತ್ತಲೂ ಇದ್ದರು. ಅಂದಿನ ಜಂಟಿ ಹೇಳಿಕೆ ಕಾಶ್ಮೀರಕ್ಕೆ ಯಾವ ಪರಿಹಾರವನ್ನೂ ಸೂಚಿಸಲಿಲ್ಲ: ಶಿಮ್ಲಾ ಒಪ್ಪಂದಕ್ಕನುಗುಣವಾಗಿ ರೇಖೆಯನ್ನು ಮರುಸ್ಥಾಪಿಸುವುದು, ಆಮೇಲೆ ಲಾಹೋರಿನಲ್ಲಿ ಆರಂಭವಾಗಿದ್ದ ದ್ವಿಪಕ್ಷೀಯ ಮಾತುಕತೆಯನ್ನು ಮುಂದುವರಿಸುವುದು, ಇಷ್ಟೇ ಅದರ ಸಾರ. ಟೈಗರ್ ಹಿಲ್‌ನಂಥ ಶಿಖರಗಳನ್ನು ಮರಳಿ ಗೆದ್ದದ್ದು ಭಾರತದ ಸೈನಿಕರೇ, ಅದರಲ್ಲಿ ಅನುಮಾನವಿಲ್ಲ. ಉಳಿದ ನೆಲೆಗಳಿಂದ ಪಾಕಿಸ್ತಾನ ಹಿಂದೆ ಸರಿಯುವಂತೆ ಮಾಡುವಲ್ಲಿ ವಾಷಿಂಗ್ಟನ್ನಿನ ಒತ್ತಡಕ್ಕೂ ಪಾಲಿತ್ತು.

ಎರಡೂ ದೇಶಗಳ ಹಿಂದಿನ ಯುದ್ಧವೊಂದರ ಬಳಿಕ ಸೋವಿಯತ್ ಪ್ರಧಾನಿ ಕೊಸಿಗಿನ್ 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಕೂಡಿಸಿದ್ದ ಸಂಧಾನವೂ ಸೇನೆಗಳನ್ನು ಹಿಂದಿನ ಸ್ಥಾನಗಳಿಗೆ ಮರಳಿಸಿತ್ತು, ಆದರೆ ಆರು ವರ್ಷ ತುಂಬುವ ಮೊದಲೇ ಮತ್ತೊಂದು ಯುದ್ಧ ನಡೆಯಿತು. ಹೊರಗಿನ ಒತ್ತಡ ಯುದ್ಧವನ್ನು ನಿಲ್ಲಿಸಬಲ್ಲದು, ವಿವಾದವನ್ನು ತೀರಿಸಲಾರದು. ಭಿನ್ನಾಭಿಪ್ರಾಯಗಳನ್ನು ದ್ವಿಪಕ್ಷೀಯ ಮಾತುಕತೆಯಿಂದ, ಇಲ್ಲವೇ ಇಬ್ಬರೂ ಒಪ್ಪಿದ ಬೇರೆ ಶಾಂತಿಯುತ ಮಾರ್ಗದಿಂದ ಬಗೆಹರಿಸಿಕೊಳ್ಳಬೇಕೆಂದು ಶಿಮ್ಲಾ ಒಪ್ಪಂದ ಹೇಳುವುದರಿಂದ, ಒಬ್ಬರಷ್ಟೇ ಬಯಸಿದ ಮಧ್ಯಸ್ಥಿಕೆಗೆ ಅದರಲ್ಲಿ ಎಡೆಯಿಲ್ಲ.

ಆದ್ದರಿಂದ ಅಧ್ಯಕ್ಷರಲ್ಲಿ ಈ ಪತ್ರದ ವಿನಂತಿ ಇಷ್ಟು: ಭಯೋತ್ಪಾದಕರಿಗೆ ಯಾರೂ ಆಶ್ರಯ ಕೊಡದಂತೆಯೂ ನಿಯಂತ್ರಣ ರೇಖೆಯನ್ನು ಯಾರೂ ದಾಟದಂತೆಯೂ ಅಮೆರಿಕ ತನ್ನ ಪ್ರಭಾವವನ್ನು ಬಳಸಲಿ, ಕಾಶ್ಮೀರದ ಪರಿಹಾರವನ್ನು ಆ ಎರಡು ದೇಶಗಳಿಗೇ ಬಿಡಲಿ, ಮತ್ತೊಮ್ಮೆ ಕದನ ನಿಲ್ಲಿಸುವ ಸಂದರ್ಭ ಬಂದರೆ ಆ ಪ್ರಕಟಣೆ ದೆಹಲಿ ಮತ್ತು ಇಸ್ಲಾಮಾಬಾದ್‌ಗಳಿಂದಲೇ ಮೊದಲು ಹೊರಡಲಿ.