ವಾರದ ರಜೆಯೂ ನಮ್ಮದು, ಬೀದಿಯೂ ನಮ್ಮದು

ಮುಂಬಯಿಯಲ್ಲಿ ಇಪ್ಪತ್ತು ವರ್ಷ ದುಡಿದ ನಮ್ಮವನೊಬ್ಬ ಊರಿಗೆ ಹೋದಾಗ, ‘ಅಲ್ಲಿ ಏನೇನು ನೋಡಿದೆ ಮಾರಾಯ?’ ಎಂದು ಯಾರಾದರೂ ಕೇಳಿದರೆ ಗೇಟ್‌ವೇ, ಚೌಪಾಟಿ, ಮಹಾಲಕ್ಷ್ಮಿ ಗುಡಿ ಎಂದು ಮೂರು ಹೆಸರು ಹೇಳಿ ಸುಮ್ಮನಾಗುತ್ತಾನೆ. ಉಳಿದುದೆಲ್ಲ ಅಡಿಗೆಮನೆಯ ಹೊಗೆ, ಖೋಲಿಯ ಗೋಡೆ, ಲೋಕಲ್ ಗಾಡಿಯ ಬಾಗಿಲು. ಈ ನಗರಕ್ಕೆ ಬೆಳಗಿನ ಚಹಾ ಕೊಟ್ಟವರು ನಾವು, ಬಟ್ಟೆ ನೇಯ್ದು ಉಡಿಸಿದವರು ನಾವು; ನೋಡಿ ಸುಖಪಡುವವರು ಮಾತ್ರ ಬೇರೆಯವರು! ಇದು ಯಾವ ನ್ಯಾಯ?

‘ಊರು ಸುತ್ತುವುದು ಹಣವಂತರ ಶೋಕಿ, ನಮಗೇಕೆ?’ ಎಂಬ ಮಾತು ನಮ್ಮ ನಡುವೆಯೇ ಇದೆ. ದಿನವಿಡೀ ನಿಂತ ಕಾಲಿಗೆ ಮತ್ತೆ ನಡಿಗೆಯ ಶಿಕ್ಷೆ ಯಾಕೆ ಎನ್ನುವವರೂ ಇದ್ದಾರೆ. ಕಾಲು ನೋಯುತ್ತದೆ, ನಿಜ. ಆದರೆ ಗಲ್ಲೆಯಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಮೋರಿಗೆ ನೂರು ಸಲ ಓಡುವುದು ಧಣಿಗಾಗಿ ನಡೆಯುವ ನಡಿಗೆ. ಮನಸ್ಸು ಬಂದ ಕಡೆ ತಿರುಗಿ, ಬೇಕಾದಲ್ಲಿ ನಿಂತು, ಬೇಡವಾದರೆ ಮರಳುವುದು ತನ್ನ ನಡಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ರಜೆಯ ದಿನ ಮಧ್ಯಾಹ್ನದವರೆಗೆ ಮಲಗಿ, ಎದ್ದ ಮೇಲೆ ಮೊಬೈಲಿನಲ್ಲಿ ಪರದೇಶದ ಬೀದಿಗಳನ್ನು ನೋಡುತ್ತ ಕೂರುವ ನಮ್ಮ ತರುಣರಿಗೆ ತಮ್ಮ ಗಲ್ಲಿಯ ಆಚೆಯ ತಿರುವು ಗೊತ್ತಿಲ್ಲ. ಅವರನ್ನು ಬೈಯಲು ನಮಗೆ ಮನಸ್ಸಿಲ್ಲ. ಅವರಿಗೆ ಆ ತಿರುವನ್ನು ತೋರಿಸಿದವರೇ ಇಲ್ಲ.

ಒಂದು ದಾರಿಯನ್ನು ನಾವು ಹೇಳುತ್ತೇವೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದು ಸಾವಿರಾರು ಬಡವರನ್ನು ಕೊಂದಿತು. ಆಗ ಕಣ್ಣು ತೆರೆದ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬುದನ್ನು ನಿರ್ಮಿಸಿತು. ಪರೇಲಿನಲ್ಲಿ ಆ ಟ್ರಸ್ಟು ಕಟ್ಟಿದ ಚಾಳೊಂದರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಎಷ್ಟೋ ವರ್ಷ ಸಂಸಾರ ಸಮೇತ ಇದ್ದರು. ಪರೇಲಿನಿಂದ ಉತ್ತರಕ್ಕೆ ನಡೆಯುತ್ತ ಬನ್ನಿ. ಒಂದು ಗಂಟೆಯೂ ಬೇಡ, ದಾದರದ ಹಿಂದೂ ಕಾಲನಿಯಲ್ಲಿ ‘ರಾಜಗೃಹ’ ಸಿಗುತ್ತದೆ. 1930ರ ದಶಕದಲ್ಲಿ ತಮ್ಮ ಪುಸ್ತಕಗಳಿಗಾಗಿಯೇ ಅವರು ಕಟ್ಟಿಸಿದ ಮನೆ ಅದು. ಚಾಳಿನಿಂದ ಆ ಪುಸ್ತಕದ ಮನೆಯವರೆಗಿನ ದೂರವನ್ನು ರೈಲಿನಲ್ಲಿ ಕುಳಿತವನು ತಿಳಿಯಲಾರ, ನಡೆದವನು ತಿಳಿಯುತ್ತಾನೆ. ಇನ್ನಷ್ಟು ಮುಂದೆ ಹೋದರೆ ಪಾರ್ಸಿ ಕಾಲನಿಯ ಫೈವ್ ಗಾರ್ಡನ್ಸ್; ಆ ಬೀದಿಗಳನ್ನು ಯೋಜಿಸಿದ್ದೂ ಅದೇ ಟ್ರಸ್ಟು. ಮರದ ನೆರಳಿಗೆ ಕಾಸು ಕೊಡಬೇಕಾಗಿಲ್ಲ, ‘ಆರ್ಡರ್ ಏನು?’ ಎಂದು ಯಾರೂ ಕೇಳುವುದಿಲ್ಲ. ಅಲ್ಲಿಂದ ಮಾಟುಂಗಾ. ಬಾಳೆ ಎಲೆ, ಮಲ್ಲಿಗೆ, ಕರಿಬೇವು, ಹುರಿದ ಕಾಫಿಬೀಜದ ಘಮ! 1926ರ ಮೈಸೂರು ಅಸೋಸಿಯೇಶನ್ ಇರುವುದು ಇಲ್ಲಿಯೇ. ಸ್ಟೇಶನ್ನಿನ ಬಳಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಊಟದ ಮನೆ ಇದೆ. ದಿನವೂ ಬಡಿಸುವ ನೀವು ಒಮ್ಮೆ ಎಲೆಯ ಮುಂದೆ ಉಣ್ಣುವವರಾಗಿ ಕುಳಿತು ನೋಡಿ.

ಕೋಟೆ ಭಾಗದಲ್ಲಿ ದುಡಿಯುವವರಿಗೆ ಊಟದ ಗಿರಾಕಿ ಮುಗಿದು ಸಂಜೆಯ ಕಾಫಿ ಶುರುವಾಗುವವರೆಗಿನ ಬಿಡುವೇ ಸಾಕು. ಹಾರ್ನಿಮನ್ ಸರ್ಕಲಿನ ತೋಟವಿದೆ, 1833ರ ಟೌನ್ ಹಾಲಿನ ಮೆಟ್ಟಿಲುಗಳಿವೆ. ಕಾಳಾ ಘೋಡಾ ಎಂಬ ಹೆಸರಿಗೆ ಕಾರಣವಾದ ಕುದುರೆಯನ್ನು, ಅದರ ಮೇಲಿದ್ದ ಬ್ರಿಟಿಷ್ ರಾಜನ ಸಮೇತ, 1965ರಲ್ಲಿ ಅಲ್ಲಿಂದ ತೆಗೆದರು. ಇಂದು ಅದು ಬೈಕುಲಾದ ರಾಣಿಬಾಗಿನಲ್ಲಿದೆ. ಹೆಸರು ಮಾತ್ರ ಕದಲಲಿಲ್ಲ. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆಯನ್ನು ನಿಲ್ಲಿಸಿದರು. ಸವಾರನಿಲ್ಲದ ಕುದುರೆಯೇ ನಮಗೆ ಹೆಚ್ಚು ಮೆಚ್ಚು.

ಗಿರಣಗಾಂವದಲ್ಲಿ ನಡೆದರೆ ಸಿಟ್ಟೂ ಬರುತ್ತದೆ, ಬರಲಿ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಹೊಸದಾಗಿ ಕಟ್ಟುವುದಾದರೆ ಸುಮಾರು ಮೂರರಲ್ಲಿ ಒಂದು ಪಾಲು ಉದ್ಯಾನ, ಬಯಲುಗಳಿಗಾಗಿ ಪಾಲಿಕೆಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಒಂದು ಪಾಲು ಮಾಲಿಕರಿಗೆ ಎಂದು 1991ರ ನಿಯಮ ಹೇಳಿತ್ತು. 2001ರಲ್ಲಿ ನಿಯಮ ತಿದ್ದಿದರು: ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಪಾಲು ಮಾಡಬೇಕಂತೆ! ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಗಿರಣಿಯಲ್ಲಿ ಖಾಲಿ ಜಾಗ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನಮ್ಮ ಮಕ್ಕಳು ಓಡಾಡಬೇಕಿದ್ದ ತೋಟ ಹೀಗೆ ಕಾಗದದಲ್ಲೇ ಕರಗಿತು. ಫೀನಿಕ್ಸ್ ಗಿರಣಿಯ ಚಿಮಣಿ ಮಾಲಿನ ಅಲಂಕಾರವಾಯಿತು. 2024ರ ಜನವರಿಯಲ್ಲಿ ಶಿವಡಿಯಿಂದ ಸಮುದ್ರ ದಾಟುವ ಸುಮಾರು 22 ಕಿಲೋಮೀಟರಿನ ಅಟಲ್ ಸೇತು ತೆರೆಯಿತು. ಕಾರಿಗೆ ದಾರಿಯುಂಟು, ಬೈಕಿಗಿಲ್ಲ, ರಿಕ್ಷಾಕ್ಕಿಲ್ಲ, ಕಾಲಿಗಂತೂ ಇಲ್ಲವೇ ಇಲ್ಲ. ಉಳಿದಿರುವ ಫುಟ್‌ಪಾತನ್ನಾದರೂ ನಾವು ನಡೆದು ಉಳಿಸಿಕೊಳ್ಳಬೇಡವೇ?

ನಡೆಯಲು ದಿನ ಬೇಕು. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಹೊಟೇಲು ಕೆಲಸಗಾರನಿಗೂ ವಾರಕ್ಕೊಂದು ರಜೆ ಕೊಟ್ಟಿತ್ತು. ಅದರ ಜಾಗಕ್ಕೆ ಬಂದ ಮಹಾರಾಷ್ಟ್ರದ 2017ರ ಕಾನೂನು ಎಡೆಬಿಡದ 24 ಗಂಟೆಗಳ ವಾರದ ರಜೆ ಎನ್ನುತ್ತದೆ. ಆದರೂ ‘ಊರಿಗೆ ಹೋಗುವಾಗ ಒಟ್ಟಿಗೇ ತೆಗೆದುಕೋ’ ಎನ್ನುವ ಧಣಿಗಳಿದ್ದಾರೆ. ಅವರು ನಮ್ಮ ಭಾಷೆಯವರು, ಎಷ್ಟೋ ಸಲ ನಮ್ಮ ಊರಿನವರೇ. ಕೆಲಸ ಕೊಡಿಸಿದ ಋಣ ಬೇರೆ. ಅದಕ್ಕೇ ಕೇಳಲು ನಮಗೆ ನಾಲಗೆ ಹೊರಳುವುದಿಲ್ಲ. ಋಣವನ್ನು ದುಡಿಮೆಯಿಂದ ತೀರಿಸಿದ್ದೇವೆ, ರಜೆಯಿಂದ ತೀರಿಸಬೇಕಾಗಿಲ್ಲ. ಸಣ್ಣ ಹೊಟೇಲುಗಳು ಹೊಸ ಕಾನೂನಿನ ಬಹುಪಾಲು ಕಟ್ಟುಗಳಿಂದ ಹೊರಗುಳಿದಿವೆ. ಅಲ್ಲಿ ಒಬ್ಬೊಬ್ಬರಾಗಿ ಕೇಳಿದರೆ ಸಿಗದು, ಎಲ್ಲರೂ ಸೇರಿ ಕೇಳಬೇಕು.

ಈ ವಾರ ರಜೆಯಿದ್ದವರು ಬೆಳಿಗ್ಗೆ ಬಿಸಿಲೇರುವ ಮುನ್ನ ಪರೇಲಿನಿಂದ ಹೊರಡಿರಿ. ಸಂಸಾರವಿದ್ದವರು ಹೆಂಡತಿ ಮಕ್ಕಳನ್ನೂ ಕರೆದೊಯ್ಯಿರಿ. ಒಲೆಗೆ ಅಂದು ಅವರಿಂದಲೂ ರಜೆ ಸಿಗಲಿ. ತಿಂಗಳುಗಟ್ಟಲೆ ವಾರದ ರಜೆ ಕಾಣದವರು ಸಂಘದ ಕಚೇರಿಗೆ ಬಂದು ಹೆಸರು ಬರೆಸಿರಿ.